ಲಾಂಛನಕ್ಕೊಂದು ಯೋಗ್ಯತೆ

ಕಳೆದ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪ್ರವಚನ ನಡೆದಿತ್ತು. ಬೆಳಗಾವಿಯಲ್ಲಿ ಕಾಲೇಜು ಓದುತ್ತಿರುವ ನನ್ನ ಮೊಮ್ಮಗ ಎರಡು ದಿನ ರಜೆಗೆಂದು ಊರಿಗೆ ಬಂದಿದ್ದ. ಸಂಜೆ ನನ್ನೊಡನೆ ಮಠಕ್ಕೆ ಹೊರಟು ನಿಂತ ಅವನ ಮೈಮೇಲಿನ ಉಡುಪನ್ನು ಕಂಡು ನಾನು ಬಾಗಿಲಲ್ಲಿಯೇ ನಿಂತುಬಿಟ್ಟೆ. ಹಸಿರು, ಕಂದು, ಕಪ್ಪು ಬಣ್ಣಗಳ ಮಚ್ಚೆಮಚ್ಚೆಯ ಮಿಲಿಟರಿ ಜಾಕೆಟ್ಟು. ತೋಳಿನ ಮೇಲೆ ಎರಡು ಪಟ್ಟಿ. ಎದೆಯ ಮೇಲೆ ರೆಕ್ಕೆಗಳನ್ನು ಚಾಚಿದ ಒಂದು ಬಿಲ್ಲೆ. "ಹ್ಯಾಂಗೈತಿ ಅಜ್ಜಾ? ಪ್ಯಾಟ್ಯಾಗ ಅಗ್ಗಕ್ಕ ಸಿಕ್ಕತು" ಎಂದು ಅವನು ಸಂಭ್ರಮದಿಂದ ತೋರಿಸಿದ.

ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ನನ್ನ ಅತ್ತಿಗೆಯವರು ತಲೆಯೆತ್ತಿ ನೋಡಿದರು. ಅವರ ದೃಷ್ಟಿ ಆ ಎರಡು ಪಟ್ಟಿಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ಏನೂ ಮಾತಾಡದೆ ಎದ್ದು ಒಳಗೆ ಹೋದರು. ಹುಡುಗನಿಗೆ ಇದಾವುದೂ ತಿಳಿಯಲಿಲ್ಲ. ನನಗೆ ಮಾತ್ರ ಅಂದಿನ ಪ್ರವಚನದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಐವತ್ತು ವರ್ಷಗಳಿಗೂ ಹಿಂದಿನ ನನ್ನದೊಂದು ತಪ್ಪು ಎದುರಿಗೆ ಬಂದು ಕುಳಿತಿತ್ತು. ಅದನ್ನು ಇಷ್ಟು ಕಾಲ ಯಾರಿಗೂ ಹೇಳಿರಲಿಲ್ಲ. ಈಗ ಈ ಪತ್ರಿಕೆಯ ಬಂಧುಗಳ ಮುಂದೆ ಹೇಳುವುದು ನನ್ನ ಮನಸ್ಸಿನ ಭಾರವನ್ನು ಇಳಿಸಿಕೊಳ್ಳುವುದಕ್ಕಾಗಿ ಮಾತ್ರವಲ್ಲ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಇದರಿಂದ ಒಂದು ತಿಳಿವಳಿಕೆ ದೊರೆಯಲೆಂಬ ಆಸೆಯಿಂದ.

ನನ್ನ ಹಿರಿಯಣ್ಣ ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದವನು. ಹೊಲದ ಕೆಲಸದಲ್ಲಿ ಬೆಳೆದ ಗಟ್ಟಿ ಮೈ. ಏಳು ವರ್ಷಗಳ ಸೇವೆಯಲ್ಲಿ ಮೊದಲು ಒಂದು ಪಟ್ಟಿ, ಆಮೇಲೆ ಎರಡು ಪಟ್ಟಿ ಪಡೆದು ನಾಯಕನಾದ. 1970ರಲ್ಲಿ ಅವನ ಮದುವೆಯಾಯಿತು. ಮರುವರ್ಷ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವನ ಪಲ್ಟಣ ಪೂರ್ವದ ಗಡಿಯಲ್ಲಿತ್ತು. ಡಿಸೆಂಬರ್ 16ರಂದು ಢಾಕಾದಲ್ಲಿ ಶತ್ರುಸೈನ್ಯ ಶರಣಾಯಿತು. ಹದಿಮೂರು ದಿನಗಳ ಯುದ್ಧ. ಆ ವಿಜಯದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ಊರೆಲ್ಲ ಹರ್ಷಪಡುತ್ತಿದ್ದಾಗಲೇ ನಮ್ಮ ಮನೆಗೆ ತಂತಿ ಬಂತು. ಅಣ್ಣ ಎರಡನೆಯ ವಾರದಲ್ಲಿಯೇ ಹೋಗಿಬಿಟ್ಟಿದ್ದ. ಅತ್ತಿಗೆಗೆ ಆಗ ಹತ್ತೊಂಬತ್ತು ವರ್ಷ.

ಈಗಿನಂತೆ ಆಗ ಯೋಧರ ಪಾರ್ಥಿವ ಶರೀರವನ್ನು ಊರಿಗೆ ಕಳಿಸುವ ರೂಢಿಯಿರಲಿಲ್ಲ. ಊರೂರಿಗೆ ಗೌರವದಿಂದ ಶರೀರಗಳು ಬಂದುದನ್ನು ನಾವು ಕಂಡದ್ದು 1999ರ ಕಾರ್ಗಿಲ್ ಯುದ್ಧದ ಕಾಲದಲ್ಲಿ. ಲಿಂಗೈಕ್ಯನಾದ ಮಗನನ್ನು ವಿಭೂತಿ, ಪತ್ರಿ, ಪುಷ್ಪಗಳೊಡನೆ ಸಮಾಧಿ ಮಾಡುವ ಸಮಾಧಾನವೂ ನಮ್ಮ ತಂದೆತಾಯಿಗಳಿಗೆ ದೊರೆಯಲಿಲ್ಲ. ಕೊರಳಲ್ಲಿದ್ದ ಇಷ್ಟಲಿಂಗ ಅವನೊಡನೆಯೇ ಹೋಯಿತು. ಕೆಲವು ವಾರಗಳ ಮೇಲೆ ಒಂದು ಕಬ್ಬಿಣದ ಟ್ರಂಕು ಬಂತು. ಅದರಲ್ಲಿ ಅರ್ಧ ಸವೆದ ವಿಭೂತಿಗಟ್ಟಿ, ಮುಖ ನೋಡಿಕೊಳ್ಳುವ ಸಣ್ಣ ಕನ್ನಡಿ, ಅತ್ತಿಗೆ ಬರೆದ ಪತ್ರಗಳ ಕಟ್ಟು ಮತ್ತು ಹಸಿರು ಉಣ್ಣೆಯ ಒಂದು ಜೆರ್ಸಿ ಇದ್ದವು. ಜೆರ್ಸಿಯ ತೋಳಿನ ಮೇಲೆ ಆ ಎರಡು ಪಟ್ಟಿಗಳಿದ್ದವು.

ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ. ಬಡತನದ ಕಾಲ. ಚಳಿಗೆ ಹಾಕಿಕೊಳ್ಳಲು ಬೇರೆ ಬಟ್ಟೆ ಇರಲಿಲ್ಲ. "ಅಣ್ಣನ ಜೆರ್ಸಿ ತಮ್ಮ ಹಾಕಿಕೊಳ್ಳಲಿ" ಎಂದು ಅವ್ವನೇ ಕೊಟ್ಟಳು. 1973ರ ಜನವರಿಯ ಒಂದು ನಸುಕಿನಲ್ಲಿ ಅದನ್ನು ತೊಟ್ಟು ಬೆಳಗಾವಿಯಿಂದ ಧಾರವಾಡದ ಬಸ್ಸು ಹತ್ತಿದೆ. ಬಸ್ಸು ತುಂಬಿ ತುಳುಕುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ದಪ್ಪ ಮೀಸೆಯ ಹಿರಿಯರೊಬ್ಬರು ನನ್ನ ತೋಳನ್ನು ನೋಡಿದರು. ಅವರ ಎಡಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. "ಯಾವ ಪಲ್ಟಣರೀ, ನಾಯಕರ?" ಎಂದು ಕೇಳಿದರು.

ಅದು ನನ್ನದಲ್ಲ, ನಮ್ಮಣ್ಣನದು ಎಂದು ಹೇಳುವುದಕ್ಕೆ ಒಂದು ಉಸಿರಿನಷ್ಟು ಹೊತ್ತು ಸಾಕಾಗಿತ್ತು. ನಾನು ಹೇಳಲಿಲ್ಲ. ಅಣ್ಣನ ಪಲ್ಟಣದ ಹೆಸರನ್ನು ಹೇಳಿದೆ. ಅವರು ಕೂಡಲೇ ಎದ್ದು ನಿಂತು, "ಕೂಡ್ರಿ" ಎಂದು ತಮ್ಮ ಜಾಗವನ್ನು ನನಗೆ ಬಿಟ್ಟುಕೊಟ್ಟರು. ಬಸ್ಸಿನ ಜನವೆಲ್ಲ ನನ್ನತ್ತ ತಿರುಗಿ ನೋಡಿತು. ಇಪ್ಪತ್ತು ವರ್ಷದ ಆ ಹುಡುಗನಿಗೆ ಅದು ಎಷ್ಟು ಹಿತವೆನಿಸಿತೆಂಬುದನ್ನು ಇಂದು ಬರೆಯುವಾಗಲೂ ನಾಚಿಕೆಯಾಗುತ್ತದೆ. "ಪೂರ್ವಕ್ಕ ಹೋಗಿದ್ರೇನು?" ಎಂದರು. ಹೋಗಿದ್ದೆನೆಂದು ತಲೆಯಾಡಿಸಿದೆ. "ನಿಮ್ಮ ಕಡೆ ಎಷ್ಟು ಮಂದಿ ಹ್ವಾದ್ರು?" ಎಂದರು. ಆಗ ನನ್ನ ಬಾಯಿ ಕಟ್ಟಿತು. ಹೋದವರಲ್ಲಿ ಒಬ್ಬನ ಬಟ್ಟೆಯೊಳಗೆ ನಾನು ಕುಳಿತಿದ್ದೆ. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದೆ. ಅವರು ಅದನ್ನು ದುಃಖವೆಂದೇ ತಿಳಿದು, "ಕೇಳಬಾರದಿತ್ತು, ತಪ್ಪಾತು" ಎಂದು ನನ್ನ ಕ್ಷಮೆ ಕೇಳಿದರು. ಧಾರವಾಡದಲ್ಲಿ ನಾನಿಳಿದಾಗ ಅವರೂ ಇಳಿದರು. ರಸ್ತೆಯ ಬದಿಯಲ್ಲಿ ನೆಟ್ಟಗೆ ನಿಂತು, ಬೆರಳುಗಳೆಲ್ಲ ನೆಟ್ಟಗಿದ್ದ ಬಲಗೈಯೆತ್ತಿ ನನಗೆ ಸೆಲ್ಯೂಟ್ ಹೊಡೆದರು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಜೆರ್ಸಿಯನ್ನು ಒಗೆಯಲು ಹಾಕಿದ್ದೆ. ಮರುದಿನ ಅತ್ತಿಗೆ ಅದನ್ನು ಮಡಿಚಿ ತಂದುಕೊಟ್ಟರು. ತೋಳಿನ ಮೇಲೆ ಪಟ್ಟಿಗಳಿರಲಿಲ್ಲ. ಒಂದು ನೂಲೂ ಹರಿಯದಂತೆ ಬಿಡಿಸಿದ್ದರು. "ತಮ್ಮಾ, ಥಂಡಿಗೆ ಹಾಕ್ಕೋ. ಉಣ್ಣಿ ಯಾರಿಗಾದ್ರೂ ಬೆಚ್ಚಗಿರತೈತಿ. ಪಟ್ಟಿ ಮಾತ್ರ ಅವರು ದುಡದು ಗಳಿಸಿದ್ದು. ಅದು ನನ್ನ ಹತ್ರ ಇರ್ಲಿ" ಎಂದರು. ಬಸ್ಸಿನ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನನಗೆ ತಕ್ಕ ಪಾಠ ಹೇಳಿದ್ದರು.

ಆ ಮಾತಿನಲ್ಲಿ ಈ ವಿಷಯದ ಸಾರವೆಲ್ಲ ಇದೆಯೆಂದು ನನಗೆ ಈಗ ಅನಿಸುತ್ತದೆ. ಬಟ್ಟೆ ಬೇರೆ, ಲಾಂಛನ ಬೇರೆ. ನಮ್ಮ ಸೀಮೆಯಲ್ಲಿ ಮಿಲಿಟರಿ ಕೋಟು ಹೊಸದಲ್ಲ. ಚಳಿಯಲ್ಲಿ ಹೊಲ ಕಾಯುವ ರೈತರೂ ಕುರಿಗಾಹಿಗಳೂ ಹಳೆಯ ಖಾಕಿ ಕೋಟನ್ನು ತೊಟ್ಟುದನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಬೇಡವಾದ ದಾಸ್ತಾನು ಬಡವನ ಮೈ ಕಾಯ್ದರೆ ಅದು ಸದ್ವಿನಿಯೋಗವೇ ಸರಿ. ಆದರೆ ಆ ಕೋಟುಗಳ ಮೇಲೆ ಬಿಲ್ಲೆಯಿರುತ್ತಿರಲಿಲ್ಲ, ಪಟ್ಟಿಯಿರುತ್ತಿರಲಿಲ್ಲ. ಅದನ್ನು ತೊಟ್ಟವನು ತಾನು ಸಿಪಾಯಿಯೆಂದು ಹೇಳಿಕೊಳ್ಳುತ್ತಲೂ ಇರಲಿಲ್ಲ.

ಇಂದಿನ ಸಂಗತಿ ಹಾಗಲ್ಲ. ಬೆಳಗಾವಿಯಂತಹ ಊರಿನಲ್ಲಿ 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಸೈನಿಕರಿಗೆ ಬೇಕಾದ ಬಟ್ಟೆಬರೆಗಳನ್ನು ಮಾರುವ ಅಂಗಡಿಗಳು ಇಂತಹ ಊರುಗಳಲ್ಲಿ ಇರುವುದು ಸಹಜ. ಅದೇ ಮಾದರಿಯ ಬಟ್ಟೆಯನ್ನು ಈಗ ಎಲ್ಲೆಲ್ಲಿಯೋ ನೇಯ್ದು ಹೊಲಿದು, ಕೈಗೆ ಸಿಕ್ಕ ಚಿಹ್ನೆಗಳನ್ನು ಅಂಟಿಸಿ ಸಂತೆಯಲ್ಲಿಯೂ ಮಾರುತ್ತಾರೆ. ಕೊಳ್ಳುವ ಮಕ್ಕಳಿಗೆ ಅದು ಬರಿಯ ಚಿತ್ತಾರ.

ಆದರೆ ಆ ಒಂದೊಂದು ಚಿತ್ತಾರಕ್ಕೂ ಒಂದು ಬೆಲೆಯಿದೆ. ತೋಳಿನ ಮೇಲೆ ಒಂದು ಪಟ್ಟಿಯಿದ್ದರೆ ಲಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ನನ್ನ ಮೊಮ್ಮಗನ ಎದೆಯ ಮೇಲಿದ್ದ ರೆಕ್ಕೆಯ ಬಿಲ್ಲೆ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕುವವರದು. ಆಗ್ರಾದ ತರಬೇತಿ ಶಾಲೆಯಲ್ಲಿ ಐದು ಸಲ ಧುಮುಕಿ ತೋರಿಸಿದ ಮೇಲೆಯೇ ಅದು ದೊರೆಯುವುದು. ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ್ ಧೋನಿಯವರಿಗೆ 2011ರಲ್ಲಿ ಪ್ರಾದೇಶಿಕ ಸೇನೆಯ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಬಂತು. ಅಷ್ಟು ದೊಡ್ಡ ಹೆಸರಿನವರಾದರೂ ಆ ರೆಕ್ಕೆಗಳು ಅವರಿಗೆ ತಾವಾಗಿ ಬರಲಿಲ್ಲ. 2015ರಲ್ಲಿ ಆಗ್ರಾಕ್ಕೆ ಹೋಗಿ ಅವರೂ ಐದು ಸಲ ಧುಮುಕಿದರು. ಪೇಟೆಯಲ್ಲಿ ಅಗ್ಗಕ್ಕೆ ಕೊಂಡವನು ಏನು ಧುಮುಕಿದನು?

ಒಂದೇ ಒಂದು ಪಟ್ಟಿಯ ಬೆಲೆ ಎಷ್ಟೆಂಬುದನ್ನು ನಮ್ಮ ನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್ ನೀರ್ಗಲ್ಲಿನ ಮೇಲೆ ಹಿಮಪಾತವಾಗಿ ಹತ್ತು ಮಂದಿ ಯೋಧರು ಹಿಮದಡಿ ಸಿಲುಕಿದರು. ಅವರಲ್ಲಿ ಒಬ್ಬರು ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಹಿಮದೊಳಗಿದ್ದು ಜೀವಸಹಿತ ದೊರೆತ ಅವರಿಗಾಗಿ ದೇಶವೆಲ್ಲ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅವರ ತೋಳಿನ ಮೇಲಿದ್ದುದು ಒಂದೇ ಪಟ್ಟಿ.

ಇನ್ನು ಕಾನೂನಿನ ಮಾತು. ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪನ್ನೋ ಚಿಹ್ನೆಯನ್ನೋ ಧರಿಸುವುದು ಅಪರಾಧ. ಹಿಂದೆ ಇದು ಭಾರತೀಯ ದಂಡ ಸಂಹಿತೆಯ 140ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 168ನೆಯ ಕಲಮು. ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡು ಸಾವಿರ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿ ಮುಖ್ಯವಾದುದು ಉದ್ದೇಶ. ಆಗಸ್ಟ್ 15ರಂದು ಶಾಲೆಯ ವೇದಿಕೆಯ ಮೇಲೆ ಸಿಪಾಯಿಯ ವೇಷ ಹಾಕಿದ ಮಗುವನ್ನಾಗಲಿ, ನಾಟಕದ ಪಾತ್ರಧಾರಿಯನ್ನಾಗಲಿ ಕಾನೂನು ಹಿಡಿಯುವುದಿಲ್ಲ. ಬಸ್ಸಿನಲ್ಲಿ ಕುಳಿತು "ಹೋಗಿದ್ದೆ" ಎಂದು ತಲೆಯಾಡಿಸಿದ ನಾನು ಮಾತ್ರ ಅದರ ಕೈಗೆ ಸರಿಯಾಗಿ ಸಿಕ್ಕುತ್ತಿದ್ದೆ.

ಕಾನೂನಿನ ಹಿಂದೆ ರಕ್ಷಣೆಯ ಕಾರಣವೂ ಇದೆ. 2016ರ ಜನವರಿಯಲ್ಲಿ ಪಠಾಣಕೋಟೆಯ ವಾಯುನೆಲೆಯ ಮೇಲೆ ದಾಳಿ ಮಾಡಿದ ಉಗ್ರರು ಸೈನ್ಯದ ಮಾದರಿಯ ಉಡುಪಿನಲ್ಲಿಯೇ ಬಂದಿದ್ದರು. ಅದೇ ತಿಂಗಳಲ್ಲಿ ಭೂಸೇನೆಯು, ನಾಗರಿಕರು ಸೈನ್ಯದ ಮಾದರಿಯ ಬಟ್ಟೆಗಳನ್ನು ಧರಿಸಬಾರದೆಂದೂ ಅಂಗಡಿಯವರು ಮಾರಬಾರದೆಂದೂ ವಿನಂತಿಸಿಕೊಂಡಿತು. 2022ರ ಜನವರಿ 15ರ ಸೇನಾ ದಿನದಂದು ಹೊಸ ಸಮರ ಉಡುಪು ಬಂತು. ಅದೇ ವರ್ಷ ಅದರ ವಿನ್ಯಾಸವನ್ನು ಸೈನ್ಯದ ಹೆಸರಿನಲ್ಲಿ ನೋಂದಾಯಿಸಲಾಯಿತು. ಉಡುಪನ್ನು ನೋಡಿದ ಕೂಡಲೇ ನಂಬುವುದು ಜನರ ಸ್ವಭಾವ. ಆ ನಂಬಿಕೆ ಒಮ್ಮೆ ಹಾಳಾದರೆ, ಪ್ರವಾಹದಲ್ಲಿಯೋ ದಂಗೆಯಲ್ಲಿಯೋ ನಿಜವಾದ ಯೋಧ ಬಂದು ಕೈಚಾಚಿದಾಗ ಜನ ಹಿಂಜರಿಯುತ್ತಾರೆ.

ಆದರೆ ನಮ್ಮಂತಹ ಬಸವಭಕ್ತರಿಗೆ ಕಾನೂನಿಗಿಂತ ಹತ್ತಿರದ ಒಂದು ಅಳತೆಗೋಲಿದೆ. ನಮ್ಮ ಅಷ್ಟಾವರಣಗಳಲ್ಲಿ ವಿಭೂತಿ ಇದೆ, ರುದ್ರಾಕ್ಷಿ ಇದೆ, ಇಷ್ಟಲಿಂಗವಿದೆ. ಇವೂ ಕಣ್ಣಿಗೆ ಕಾಣುವ ಕುರುಹುಗಳೇ. ಆದರೆ ಇಷ್ಟಲಿಂಗವನ್ನು ನಾವು ಅಂಗಡಿಯಿಂದ ತಂದು ಕೊರಳಿಗೆ ಹಾಕಿಕೊಳ್ಳುವುದಿಲ್ಲ. ಗುರುವು ದೀಕ್ಷೆಯಿತ್ತು ಕರಸ್ಥಲಕ್ಕೆ ಕೊಡುತ್ತಾನೆ. ಕೊಡುವಾಗ ಆಚಾರವನ್ನೂ ಜೊತೆಗೆ ಹೊರಿಸುತ್ತಾನೆ. ಆಚಾರವಿಲ್ಲದ ಲಾಂಛನ ಬರಿಯ ಹೊರೆಯೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನಷ್ಟೇ ಮಡಿ ಮಾಡುತ್ತಿದ್ದರೆಂಬುದು ನಮ್ಮ ಪರಂಪರೆಯ ಮಾತು. ಬಟ್ಟೆಗೂ ತೊಟ್ಟವನ ನಡತೆಗೂ ಸಂಬಂಧವಿದೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? ಕಾವಿ ಬಟ್ಟೆಯನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗೆಂದು ಯಾರು ಬೇಕಾದರೂ ಕಾವಿ ತೊಟ್ಟು ಪಾದಪೂಜೆ ಮಾಡಿಸಿಕೊಂಡರೆ ನಾವು ಸಹಿಸುವೆವೇ? ಸೈನಿಕನ ತೋಳಿನ ಪಟ್ಟಿಯೂ ಅಂತಹುದೇ. ಅದೂ ಒಂದು ದೀಕ್ಷೆಯಿಂದ ಬಂದದ್ದು. ಪ್ರಾಣವನ್ನಾದರೂ ಕೊಟ್ಟೇನು ಎಂಬ ಪ್ರತಿಜ್ಞೆ ಅದರ ಆಚಾರ.

ಇಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಬಹುದು. ಕಳ್ಳರು ಬದನೆಕಾಯಿಗಳನ್ನೇ ಲಿಂಗದಂತೆ ಕಟ್ಟಿಕೊಂಡು ಜಂಗಮವೇಷದಲ್ಲಿ ಬಂದಾಗ ಬಸವಣ್ಣನವರು ಅವರನ್ನೂ ಭಕ್ತಿಯಿಂದ ಪೂಜಿಸಿದರು. ಆ ಬದನೆಕಾಯಿಗಳೇ ಲಿಂಗಗಳಾದವು ಎಂಬ ಕಥೆ ನಮ್ಮ ಪುರಾಣಗಳಲ್ಲಿ ಇದೆಯಲ್ಲವೇ? ಹುಸಿ ವೇಷಕ್ಕೂ ಮನ್ನಣೆ ದೊರೆಯಿತಲ್ಲವೇ? ನಾನು ಈ ಕಥೆಯನ್ನು ಬಾಲ್ಯದಿಂದ ಕೇಳಿದವನು. ಅದರ ಅರ್ಥ ನನಗಾದದ್ದು ಆ ಬಸ್ಸಿನ ಹಿರಿಯರಿಂದ. ಅಂದು ನನ್ನ ತಲೆಯ ತುಂಬ ಕಾಲೇಜು ಹುಡುಗರ ಉದ್ದ ಕೂದಲಿತ್ತು. ಸೈನ್ಯದಲ್ಲಿ ದುಡಿದು ಬಂದ ಆ ಹಿರಿಯರ ಕಣ್ಣಿಗೆ ಅದು ಬೀಳದೆ ಇದ್ದೀತೇ? ಬಹುಶಃ ಅವರಿಗೆ ಎಲ್ಲವೂ ತಿಳಿದಿತ್ತು. ತಿಳಿದೂ ಅವರು ಆ ಎರಡು ಪಟ್ಟಿಗಳಿಗೆ ವಂದಿಸಿದರು, ನನಗಲ್ಲ. ವಂದಿಸಿದವರ ದೊಡ್ಡತನ ಅದು. ವೇಷ ಹಾಕಿದವನಿಗೆ ಅದು ಪರವಾನಗಿಯಲ್ಲ. ಕಳ್ಳರೂ ಆಮೇಲೆ ಕಳ್ಳರಾಗಿ ಉಳಿಯಲಿಲ್ಲ. ಆ ಸೆಲ್ಯೂಟಿನ ಮೇಲೆ ನಾನೂ ಮೊದಲಿನವನಾಗಿ ಉಳಿಯಲಿಲ್ಲ. ಮುಂದೆ ಮಾಸ್ತರನಾಗಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳುವಾಗ, ನನ್ನದಲ್ಲದ ಯಾವ ಮನ್ನಣೆ ಎದುರಿಗೆ ಬಂದರೂ ಆ ಎತ್ತಿದ ಕೈ ನೆನಪಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಪಾಲಿಸಬಹುದಾದ ಮರ್ಯಾದೆ ಕಠಿಣವಾದುದೇನೂ ಅಲ್ಲ. ಯಾವ ಗುರುತೂ ಇಲ್ಲದ ಖಾಕಿ ಅಥವಾ ಹಸಿರು ಬಣ್ಣದ ಹಳೆಯ ಕೋಟು, ಕಂಬಳಿಗಳನ್ನು ಬಳಸುವುದರಲ್ಲಿ ದೋಷವಿಲ್ಲ. ಸೈನಿಕರ ಸಮರ ಉಡುಪನ್ನು ಹೋಲುವ ಮಚ್ಚೆಯ ಬಟ್ಟೆಯನ್ನು ಬಿಡುವುದೇ ಲೇಸು; ದಂಡಿನ ಪ್ರದೇಶಗಳಲ್ಲಿ, ಗಡಿಯ ಕಡೆಗೆ ಯಾತ್ರೆ ಹೋಗುವಾಗ ಖಂಡಿತ ಬಿಡಬೇಕು. ದರ್ಜೆಯ ಪಟ್ಟಿ, ನಕ್ಷತ್ರ, ಪಲ್ಟಣದ ಬಿಲ್ಲೆ, ರೆಕ್ಕೆ, ಪದಕ ಇವುಗಳನ್ನು ಗಳಿಸದವರು ಧರಿಸಬಾರದು. ಮಕ್ಕಳ ವೇಷಕ್ಕೂ ನಿಜವಾದ ಪದಕವನ್ನು ಸಿಕ್ಕಿಸಬಾರದು. ಮನೆಯಲ್ಲಿ ಯೋಧರಾಗಿದ್ದು ಹೋದವರ ಸಮವಸ್ತ್ರವಿದ್ದರೆ ಅದನ್ನು ಗುಜರಿಗೆ ಹಾಕಬಾರದು, ಒರೆಸುವ ಬಟ್ಟೆಯಾಗಿಸಬಾರದು. ಬಟ್ಟೆಯನ್ನು ಯಾರಿಗಾದರೂ ಕೊಡುವುದಾದರೆ ಗುರುತುಗಳನ್ನು ಬಿಡಿಸಿ ತೆಗೆದಿಟ್ಟುಕೊಂಡು ಕೊಡಬೇಕು.

ಹಾಗಾದರೆ ಮನೆಯವರಿಗೆ ಏನೂ ಹಕ್ಕಿಲ್ಲವೇ? ಇದೆ. ಹುತಾತ್ಮರ ಸ್ಮಾರಕಗಳಲ್ಲಿ ಗೌರವ ಸಲ್ಲಿಸುವ ಸಮಾರಂಭಗಳಂತಹ ಸಂದರ್ಭಗಳಲ್ಲಿ, ಹುತಾತ್ಮರಾದವರ ಹತ್ತಿರದ ಬಂಧುಗಳು ಅವರ ಪದಕಗಳನ್ನು ಧರಿಸಬಹುದೆಂದು 2019ರಲ್ಲಿ ಭೂಸೇನೆಯು ತಿಳಿಸಿತು. ಗಳಿಸಿದವನು ಪದಕವನ್ನು ಎದೆಯ ಎಡಗಡೆ ಧರಿಸುತ್ತಾನೆ. ಬಂಧುಗಳು ಬಲಗಡೆ ಧರಿಸಬೇಕು. ಇದು ನನ್ನದಲ್ಲ, ನನ್ನವರದು ಎಂಬುದನ್ನು ಬಾಯಿಬಿಟ್ಟು ಹೇಳದೆ ಹೇಳುವ ಎಂತಹ ಸುಂದರ ರೀತಿ! ಅಂದು ಬಸ್ಸಿನಲ್ಲಿ ನಾನು ಆಡದೆ ನುಂಗಿದ ಮಾತು ಇದೇ ತಾನೇ?

ಪ್ರವಚನ ಮುಗಿದು ಮನೆಗೆ ಬಂದ ರಾತ್ರಿ ಊಟವಾದ ಮೇಲೆ ನಾನು ಮೊಮ್ಮಗನನ್ನೂ ಅತ್ತಿಗೆಯವರನ್ನೂ ಕೂಡಿಸಿಕೊಂಡು ಬಸ್ಸಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹುಡುಗನ ಮುಂದೆ ತಲೆ ತಗ್ಗಿಸಲು ಮನಸ್ಸು ಹಿಂಜರಿಯಿತು. ಆದರೆ ನನ್ನ ತಪ್ಪನ್ನು ಮುಚ್ಚಿಟ್ಟು ಅವನ ತಪ್ಪನ್ನು ತಿದ್ದಲು ನನಗೆ ಯಾವ ಅಧಿಕಾರವಿತ್ತು? ಅತ್ತಿಗೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಹಿರ್ಯಾರು ಸೆಲ್ಯೂಟ್ ಹೊಡದದ್ದು ಅವರಿಗೇ ಮುಟ್ಟಿರತೈತಿ ಬಿಡು ತಮ್ಮಾ" ಎಂದರು. ಐವತ್ತೆರಡು ವರ್ಷ ನಾನು ಹೊತ್ತ ಭಾರವನ್ನು ಅವರು ಒಂದು ಮಾತಿನಿಂದ ಇಳಿಸಿದರು.

ಮೊಮ್ಮಗ ಎದ್ದು ಹೋಗಿ ಜಾಕೆಟ್ಟನ್ನು ತಂದು ಅವರ ಮುಂದಿಟ್ಟ. "ದೊಡ್ಡಾಯಿ, ನೀನ ಬಿಡಸು. ನನಗ ಹರದೀತು" ಎಂದ. ಅವರು ಕನ್ನಡಕ ಹಾಕಿಕೊಂಡು ಸಣ್ಣ ಕತ್ತರಿಯಿಂದ ಒಂದೊಂದೇ ಹೊಲಿಗೆಯನ್ನು ಬಿಡಿಸಿದರು. ಪೇಟೆಯ ಹುಸಿ ಪಟ್ಟಿಗಳಾದರೂ ಅವನ್ನು ಕಸಕ್ಕೆ ಎಸೆಯಲಿಲ್ಲ. ಒಂದು ಕಾಗದದಲ್ಲಿ ಸುತ್ತಿ ಒಳಗಿಟ್ಟರು. ಆ ಮಚ್ಚೆಯ ಜಾಕೆಟ್ಟನ್ನು ಹುಡುಗ ಮತ್ತೆ ಹಾಕಿಕೊಳ್ಳಲಿಲ್ಲ. ಅನಂತರ ಟ್ರಂಕು ತೆರೆದು, ಹಳೆಯ ರೇಷ್ಮೆಯ ಚೂರಿನಲ್ಲಿದ್ದ ಆ ನಿಜವಾದ ಎರಡು ಪಟ್ಟಿಗಳನ್ನು ಅವನ ಅಂಗೈಯಲ್ಲಿಟ್ಟರು. ಅವನು ಎರಡೂ ಕೈ ಜೋಡಿಸಿ, ಪ್ರಸಾದವನ್ನು ಹಿಡಿದಂತೆ ಹಿಡಿದುಕೊಂಡ.

ಡಿಸೆಂಬರ್ 16ರ ವಿಜಯ ದಿವಸಕ್ಕೆ ತಾಲ್ಲೂಕಿನ ಹುತಾತ್ಮರ ಸ್ಮಾರಕಕ್ಕೆ ಅತ್ತಿಗೆಯವರನ್ನು ಕರೆದಿದ್ದರು. ಪ್ರತಿವರ್ಷ ಅವರು ಹೋಗಿ ಹೂವಿಟ್ಟು ಬರುತ್ತಿದ್ದರು. ಪದಕಗಳು ದೇವರ ಜಗಲಿಯ ಮೇಲೆಯೇ ಇರುತ್ತಿದ್ದವು. ಈ ಸಲ ಮೊಮ್ಮಗ ಬೆಳಗಾವಿಯಿಂದ ಬಂದ. ಬಿಳಿಯ ಅಂಗಿ ತೊಟ್ಟಿದ್ದ. ಸಂಗ್ರಾಮ ಪದಕವನ್ನೂ ಪೂರ್ವಿ ಸ್ಟಾರನ್ನೂ ಒರೆಸಿ, ಅವರ ಸೀರೆಯ ಸೆರಗಿಗೆ ಎದೆಯ ಬಲಗಡೆ ತಾನೇ ಸಿಕ್ಕಿಸಿದ. ಎಪ್ಪತ್ತಮೂರು ವರ್ಷದ ಆ ತಾಯಿ ಸ್ಮಾರಕದ ಮುಂದೆ ನಿಂತಾಗ ಅಲ್ಲಿದ್ದ ನಿವೃತ್ತ ಸೈನಿಕರೆಲ್ಲ ನೆಟ್ಟಗಾಗಿ ಸೆಲ್ಯೂಟ್ ಮಾಡಿದರು.

ಈ ಸಲ ಆ ವಂದನೆ ಸಲ್ಲಬೇಕಾದಲ್ಲಿಗೆ ಸಂದಿತು. ಹಿಂದಿನ ಸಾಲಿನಲ್ಲಿ ನಿಂತ ನಾನು ಕೈಮುಗಿದೆ.